ಆಂಬುಲೆನ್ಸ್ ಆಫೀಸಿನ ಹೊಸ ಫೋನು ರಿಂಗ್ ಆಗದಿದ್ದರೆ

ನಮ್ಮ ಆಂಬುಲೆನ್ಸ್ ಆಫೀಸಿನ ಹಳೆಯ ಫೋನಿಗೆ ಒಂದು ಗುಣ ಇತ್ತು. ಊರಿಡೀ ಕರೆಂಟು ಇಲ್ಲದ ರಾತ್ರಿಯೂ ರಿಸೀವರ್ ಎತ್ತಿದರೆ ಗುಂಯ್ ಅನ್ನುತ್ತಿತ್ತು. ಅದಕ್ಕೆ ಬೇಕಾದ 48 ವೋಲ್ಟ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ಜೋಡಿ ತಾಮ್ರದ ತಂತಿಯಲ್ಲಿ ಬರುತ್ತಿತ್ತು, ನಾವು ಬಿಲ್ಲು ಕಟ್ಟಿದರೆ ಮುಗಿಯಿತು. ಈಗ ತಾಮ್ರ ಹೋಗಿ ಫೈಬರ್ ಬಂದಿದೆ. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ಕರೆಂಟು ಬರುವುದಿಲ್ಲ. ಮೊದಲು ಲೈನ್‌ಮನ್‌ನ ತಲೆನೋವಾಗಿದ್ದ ಅರ್ಧ ಕೆಲಸ ಹೀಗೆ ನಮ್ಮ ಗೋಡೆಯ ಒಳಗೆ ಬಂದು ಕೂತಿದೆ.

ನಾನು ಟೆಲಿಫೋನ್ ಇಲಾಖೆಯವನಲ್ಲ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆ ರೇಡಿಯೋ, ಟಿವಿ ರಿಪೇರಿ ಮಾಡಿಕೊಂಡಿರುವವ. ಹಳೆಯ ಲೈನು ಬದಲಿಸಿದ ಮೇಲೆ ಆಫೀಸಿನವರು ಕರೆದಾಗಲೆಲ್ಲ ಹೋಗಿ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ. ಪಂಚಾಯತಿನ ಪಾಲಿಯೇಟಿವ್ ಘಟಕ, ಕ್ಲಬ್ಬಿನ ಆಂಬುಲೆನ್ಸ್, ಸಣ್ಣ ಆಸ್ಪತ್ರೆಯ ಕ್ಯಾಶುವಾಲಿಟಿ, ಹೀಗೆ ರಾತ್ರಿ ಫೋನು ಬರುವ ಯಾವ ಜಾಗಕ್ಕೂ ಇದು ಹೊಂದುತ್ತದೆ.

ರಿಪೇರಿಗೆ ಕೈ ಹಾಕುವ ಮೊದಲು ಒಂದು ಕೆಲಸ. ಫೋನು ಕೆಟ್ಟದ್ದು ಗೊತ್ತಾದ ನಿಮಿಷವೇ ಡ್ಯೂಟಿಯಲ್ಲಿರುವವರ ಮೊಬೈಲಿಗೆ ಕರೆ ತಿರುಗುವಂತೆ ಮಾಡಿ. ಲೈನು ಸತ್ತ ಮೇಲೆ ಅದೇ ಫೋನಿನಿಂದ ಕಾಲ್ ಫಾರ್ವರ್ಡ್ ಹಾಕಲು ಆಗುವುದಿಲ್ಲ. ಆದ್ದರಿಂದ "ಲೈನು ಸಿಗದಿದ್ದರೆ ಈ ಮೊಬೈಲಿಗೆ ಕಳಿಸು" ಎಂಬ ವ್ಯವಸ್ಥೆಯನ್ನು ಫೋನು ಸರಿ ಇರುವಾಗಲೇ ಕಂಪೆನಿಯವರಲ್ಲಿ ಹೇಳಿ ಹಾಕಿಸಿಡಿ. ಇನ್ನೊಂದು ಮಾತು: ಪರೀಕ್ಷೆ ಮಾಡಲಿಕ್ಕೆಂದು 112, 101, 108 ಒತ್ತಬೇಡಿ. ಆ ಹೊತ್ತಿಗೆ ನಿಜವಾಗಿ ಬೇಕಾದವರು ಸಾಲಿನಲ್ಲಿ ಕಾಯುತ್ತಿರುತ್ತಾರೆ. ಪರೀಕ್ಷೆಗೆ ನಿಮ್ಮದೇ ಮೊಬೈಲು ಸಾಕು.

ಹೊರಗಿನವರಿಗೆ ರಿಂಗ್ ಕೇಳುತ್ತದೆ, ಇಲ್ಲಿ ಸದ್ದೇ ಇಲ್ಲ

ಎಲ್ಲಕ್ಕಿಂತ ಅಪಾಯದ ದೋಷ ಇದು, ಅದಕ್ಕೇ ಮೊದಲು ಹೇಳುತ್ತೇನೆ. ಡಯಲ್ ಟೋನ್ ಇಲ್ಲದಿದ್ದರೆ ರಿಸೀವರ್ ಎತ್ತಿದ ಕೂಡಲೇ ಗೊತ್ತಾಗುತ್ತದೆ. ರಿಂಗ್ ಆಗದ ಫೋನು ಮೇಜಿನ ಮೇಲೆ ಸುಮ್ಮನೆ ಚಂದ ಕೂತಿರುತ್ತದೆ.

ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಸಂಜೆ, ಜಡಿಮಳೆಯಲ್ಲಿ ಪೆರ್ಲ ಕಡೆಯಿಂದ ಒಬ್ಬರು ಸ್ಕೂಟರಿನಲ್ಲಿ ಬಂದು ಅಂಗಳದಿಂದಲೇ ಬೊಬ್ಬೆ ಹಾಕಿದರು: "ಎಂಥ ಮಾರಾಯ್ರೆ, ಆಗಳಿಂದ ಮಾಡ್ತಾ ಇದ್ದೇನೆ, ತೆಗೀಲಿಕ್ಕೇ ಇಲ್ಲವಲ್ಲ ನೀವು!" ಡ್ರೈವರ್ ಫೋನಿನಿಂದ ಎರಡು ಮೊಳ ದೂರದಲ್ಲಿ ಪೇಪರ್ ಓದುತ್ತಾ ಕೂತಿದ್ದ. ಅವರ ತಂದೆಯವರನ್ನು ಆಮೇಲೆ ಕರೆದುಕೊಂಡು ಹೋದೆವು, ಏನೂ ಆಗಲಿಲ್ಲ. ಮರುದಿನ ನಾನು ಹೋಗಿ ನೋಡಿದರೆ ಫೋನಿನ ಪರದೆಯ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಒಂದು ಗುರುತು: ಕೆಂಪು ಉರುಟಿನೊಳಗೆ ಅಡ್ಡಗೆರೆ. ಡಿಎನ್‌ಡಿ, ಅಂದರೆ "ತೊಂದರೆ ಕೊಡಬೇಡಿ". ಮೇಜು ಒರೆಸಿದ ಬಟ್ಟೆ ಆ ಗುಂಡಿಯನ್ನು ಒತ್ತಿತ್ತು, ಅಷ್ಟೇ. ಹಳೆಯ ಕಪ್ಪು ಫೋನಿಗೆ ಇಂಥ ಗುಂಡಿಯೇ ಇರಲಿಲ್ಲ.

ಹಾಗಾಗಿ ಮೊದಲು ನೋಡಬೇಕಾದದ್ದು ಡಿಎನ್‌ಡಿ ಗುರುತು, ಆಮೇಲೆ ಫೋನಿನ ಅಡಿಯಲ್ಲೋ ಪಕ್ಕದಲ್ಲೋ ಇರುವ ರಿಂಗರ್ ಸ್ವಿಚ್ಚು. ಎರಡೂ ಸರಿ ಇದ್ದರೆ ಯಾರೋ ಹಿಂದೆ ಹಾಕಿದ ಫಾರ್ವರ್ಡ್ ಹಾಗೇ ಉಳಿದಿದೆಯೇ ಎಂದು ವಿಚಾರಿಸಿ. ರಜೆಗೆ ಹೋದವರ ಮೊಬೈಲಿಗೆ ಕರೆಗಳೆಲ್ಲ ಹೋಗಿ ಬೀಳುತ್ತಿರಬಹುದು. ಇದಕ್ಕೆಲ್ಲ ಒಂದು ರೂಪಾಯಿ ಖರ್ಚಿಲ್ಲ. ಡಿಎನ್‌ಡಿ ಗುಂಡಿಯನ್ನು ಸೆಟ್ಟಿಂಗಿನಲ್ಲೇ ನಿಷ್ಕ್ರಿಯ ಮಾಡಿಸಿ, ಅಂಟುಟೇಪು ಹಚ್ಚಿ ಬಿಡಬೇಡಿ. ನಮ್ಮ ಮಳೆಗಾಲದಲ್ಲಿ ಟೇಪು ಎಷ್ಟು ದಿನ ನಿಲ್ಲುತ್ತದೆ ಹೇಳಿ.

ಸಾದಾ ಫೋನನ್ನೇ ಮೊಡೆಮ್‌ಗೆ ಸಿಕ್ಕಿಸಿದ್ದರೆ ಕಾರಣ ಬೇರೆ. ಗಂಟೆ ಹೊಡೆಸಲು ಸುಮಾರು 75 ವೋಲ್ಟ್ ಎಸಿ ಬೇಕು. ಹಳೆಯ ಎಕ್ಸ್‌ಚೇಂಜು ನಾಲ್ಕೈದು ಫೋನುಗಳನ್ನು ಒಟ್ಟಿಗೆ ಹೊಡೆಸುತ್ತಿತ್ತು, ಸಣ್ಣ ಮೊಡೆಮ್‌ಗೆ ಆ ತ್ರಾಣ ಇಲ್ಲ. ಡ್ರೈವರ್ ಕೋಣೆ, ಆಫೀಸು, ಜಗಲಿ ಎಂದು ಒಂದೇ ಲೈನಿಗೆ ಕಟ್ಟಿದ ಫೋನುಗಳಲ್ಲಿ ಒಂದನ್ನು ಮಾತ್ರ ಬಿಟ್ಟು ಉಳಿದವನ್ನು ಕಳಚಿ ಮೊಬೈಲಿನಿಂದ ಕರೆದು ನೋಡಿ. ಈಗ ರಿಂಗ್ ಆದರೆ ದೋಷ ಭಾರದ್ದು. ಒಳಗೆ ನಿಜವಾದ ಲೋಹದ ಗಂಟೆ ಇರುವ ಹಳೆಯ ಫೋನು ಎಲ್ಲಕ್ಕಿಂತ ಹೆಚ್ಚು ಎಳೆಯುತ್ತದೆ. ಅದರ ಮೇಲೆ ಪ್ರೀತಿ ಇದ್ದರೂ ಕಪಾಟಿನಲ್ಲಿಡಿ.

ಅಷ್ಟಾಗಿಯೂ ರಿಂಗ್ ಇಲ್ಲ, ಆದರೆ ಇಲ್ಲಿಂದ ಹೊರಗೆ ಕರೆ ಹೋಗುತ್ತದೆ ಎಂದಾದರೆ ವಿಷಯ ಕಂಪೆನಿಯ ಸರ್ವರ್ ಕಡೆಯದ್ದು. ಐಪಿ ಫೋನು, ಅಂದರೆ ಇಂಟರ್‌ನೆಟ್ ದಾರಿಯಲ್ಲೇ ಮಾತಾಡುವ ಫೋನು, ಆಗಾಗ ಸರ್ವರಿಗೆ "ನಾನಿದ್ದೇನೆ" ಎಂದು ಹಾಜರಿ ಹಾಕುತ್ತಿರಬೇಕು. ಮೊಡೆಮ್ ಅನ್ನೂ ಫೋನನ್ನೂ ಆರಿಸಿ, ಎರಡು ನಿಮಿಷ ಬಿಟ್ಟು, ಮೊದಲು ಮೊಡೆಮ್, ಅದರ ದೀಪಗಳು ನೆಲೆಗೊಂಡ ಮೇಲೆ ಫೋನು ಹಚ್ಚಿ. ಒಮ್ಮೆ ಸರಿಯಾದರೂ ಮರುದಿನವೇ ಮತ್ತೆ ಹಾಗಾದರೆ ದೂರು ಕೊಡಿ. ದಿನಾ ಆರಿಸಿ ಹಚ್ಚುವುದು ಮದ್ದಲ್ಲ.

ರಿಸೀವರ್ ಎತ್ತಿದರೆ ಸ್ಮಶಾನಮೌನ

ರಿಸೀವರಿನ ಸುರುಳಿ ವಯರನ್ನು ಎರಡೂ ತುದಿಯಲ್ಲಿ ಕಿತ್ತು ಮತ್ತೆ ಒತ್ತಿ, ಟಿಕ್ ಎನ್ನಬೇಕು. ಉಪ್ಪಳ, ಮಂಜೇಶ್ವರದಂಥ ಕಡಲ ಹತ್ತಿರದ ಊರುಗಳಲ್ಲಿ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುವುದು ಮಾಮೂಲಿ, ಒಂದು ಹೊಸ ವಯರಿಗೆ ಹೆಚ್ಚು ದುಡ್ಡಾಗುವುದಿಲ್ಲ. ಇನ್ನೊಂದು ಫೋನು ತಂದು ನೇರ ಮೊಡೆಮ್‌ಗೇ ಸಿಕ್ಕಿಸಿ. ಅಲ್ಲಿ ಟೋನ್ ಇದ್ದರೆ ಮೊಡೆಮ್ ಸರಿ, ತೊಂದರೆ ಗೋಡೆಯ ವಯರಿಂಗಿನಲ್ಲಿ.

ಗೋಡೆಯ ವಯರಿಂಗ್ ಅಂದಾಗ ಬದಲಾವಣೆ ಮಾಡಿದವರು ಬಿಟ್ಟುಹೋಗುವ ಒಂದು ತಪ್ಪನ್ನು ಹೇಳಲೇಬೇಕು. ಮನೆಯೊಳಗಿನ ಹಳೆಯ ಜೋಡಿ ತಂತಿಯನ್ನೇ ಮೊಡೆಮ್‌ಗೆ ಸೇರಿಸುತ್ತಾರೆ, ಅದರ ಇನ್ನೊಂದು ತುದಿ ಹೊರಗೋಡೆಯ ಪೆಟ್ಟಿಗೆಯಲ್ಲಿ ಕಂಬದಿಂದ ಬಂದ ತಾಮ್ರಕ್ಕೆ ಇನ್ನೂ ಸೇರಿಕೊಂಡೇ ಇರುತ್ತದೆ. ಎರಡು ಕಡೆಯಿಂದ ವೋಲ್ಟು ಬಂದು ಡಿಕ್ಕಿ ಹೊಡೆಯುತ್ತದೆ, ಇಲ್ಲದಿದ್ದರೆ ಮಳೆಗೆ ನೆಂದ ಹೊರಗಿನ ತಂತಿ ಒಳಗಿನದ್ದನ್ನೂ ಶಾರ್ಟ್ ಮಾಡಿ ಕೂರಿಸುತ್ತದೆ. ಬಿಸಿಲಿದ್ದಾಗ ಸರಿ, ಮಳೆ ಬಂದಾಗ ಸತ್ತುಹೋಗುವ ಹೊಸ ಫೋನಿಗೆ ನಾನು ಮೊದಲು ನೋಡುವುದೇ ಆ ಪೆಟ್ಟಿಗೆಯನ್ನು. ಮುಚ್ಚಳ ತೆಗೆಯುವಾಗ ಕೈ ಹಾಕುವ ಮೊದಲು ಕಣ್ಣು ಹಾಕಿ. ಕಟ್ಟಿರುವೆ, ಹಲ್ಲಿಮೊಟ್ಟೆ, ಕಡಂದಲ ಎಲ್ಲ ಸಿಕ್ಕಿದೆ ನನಗೆ.

ಮಲ್ಟಿಮೀಟರ್ ಗೊತ್ತಿದ್ದವರಿಗೆ: ರಿಸೀವರ್ ಇಟ್ಟಿರುವಾಗ ಲೈನಿನಲ್ಲಿ ಸುಮಾರು 48 ವೋಲ್ಟ್ ಡಿಸಿ ಇರಬೇಕು (ಕೆಲವು ಮೊಡೆಮ್ ಸ್ವಲ್ಪ ಕಡಿಮೆ ಕೊಡುತ್ತವೆ), ಎತ್ತಿದಾಗ ಹತ್ತರ ಆಸುಪಾಸಿಗೆ ಇಳಿಯಬೇಕು. ಸೊನ್ನೆ ತೋರಿಸಿದರೆ ಮೊಡೆಮ್‌ನಿಂದ ಮನೆಯ ತಂತಿಯನ್ನು ಕಳಚಿ ಮೊಡೆಮ್‌ನ ಬಾಯಲ್ಲೇ ಅಳೆಯಿರಿ. ಅಲ್ಲಿ ವೋಲ್ಟು ಬಂದರೆ ಶಾರ್ಟು ನಿಮ್ಮ ತಂತಿಯಲ್ಲಿದೆ. ಅಳೆಯುವಾಗ ಯಾರಾದರೂ ಕರೆ ಮಾಡಿದರೆ ಬರಿ ತಂತಿ ಹಿಡಿದ ಕೈಗೆ ಸರಿಯಾಗಿಯೇ ಹೊಡೆಯುತ್ತದೆ, ಏಣಿಯ ಮೇಲಿದ್ದರೆ ಕೆಳಗೆ ಬೀಳಲು ಅಷ್ಟು ಸಾಕು.

ಮೊಡೆಮ್‌ನಲ್ಲಿ ಕೆಂಪು ದೀಪ

ಎಲ್‌ಒಎಸ್ ಎಂದು ಬರೆದ ದೀಪ ಕೆಂಪಾಗಿ ಮಿನುಗಿದರೆ ಬೆಳಕು ನಿಮ್ಮವರೆಗೆ ತಲುಪುತ್ತಿಲ್ಲ. ಕಪಾಟಿನ ಹಿಂದೆ ಫೈಬರ್ ಮಡಚಿದೆಯೇ ನೋಡಿ. ಲಿಂಬೆಹಣ್ಣಿನ ಸುತ್ತಳತೆಗಿಂತ ಚಿಕ್ಕದಾಗಿ ಸುರುಳಿ ಸುತ್ತಿದರೆ ಬೆಳಕು ಸೋರುತ್ತದೆ. ಮಡಿಕೆ ಬಿಡಿಸಿದಾಗ ದೀಪ ಹಸಿರಾದರೆ ಅಲ್ಲಿಗೆ ಮುಗಿಯಿತು. ಆಗದಿದ್ದರೆ ಅಂಗಳಕ್ಕಿಳಿದು ವಯರು ಬರುವ ದಾರಿಯನ್ನು ಕಣ್ಣಲ್ಲೇ ಹಿಂಬಾಲಿಸಿ. ನಮ್ಮಲ್ಲಿ ಹತ್ತಕ್ಕೆ ಆರು ಸಲ ತೆಂಗಿನ ಮಡಲು ಬಿದ್ದಿರುತ್ತದೆ, ಇಲ್ಲವೇ ತೋಟದಲ್ಲಿ ಅಡಿಕೆಮರ ವಾಲಿರುತ್ತದೆ.

ಇಲ್ಲಿ ನಿಲ್ಲಿಸಿ. ತುಂಡಾದ ಫೈಬರನ್ನು ನಾವು ಜೋಡಿಸಲು ಆಗುವುದಿಲ್ಲ, ಅದಕ್ಕೆ ಸ್ಪ್ಲೈಸಿಂಗ್ ಯಂತ್ರವೇ ಬೇಕು. ತುದಿಯೊಳಗೆ ಕಣ್ಣಿಟ್ಟು "ಬೆಳಕು ಬರುತ್ತಾ" ಎಂದು ನೋಡಬೇಡಿ. ಅದು ಕಣ್ಣಿಗೆ ಕಾಣದ ಬೆಳಕು, ಕಾಣುವುದಿಲ್ಲವೆಂದು ಕಣ್ಣನ್ನು ಬಿಡುವುದಿಲ್ಲ. ಗಾಜಿನ ಚೂರು ಕೂದಲಿನಷ್ಟು ಸಪೂರ, ಚರ್ಮಕ್ಕೆ ಹೊಕ್ಕರೆ ಹುಡುಕಿ ತೆಗೆಯುವುದು ಕಷ್ಟ. ಮಡಲು ಕರೆಂಟಿನ ತಂತಿಯ ಮೇಲೂ ಬಿದ್ದಿದ್ದರೆ ಹತ್ತಿರವೇ ಹೋಗಬೇಡಿ, ಕೊಕ್ಕೆ ಹಾಕಿ ಎಳೆಯುವ ಧೈರ್ಯವೂ ಬೇಡ. 1912ಕ್ಕೆ ಹೇಳಿ, ವಿದ್ಯುತ್ ಮಂಡಳಿಯವರು ಬರಲಿ.

ಕರೆಂಟು ಹೋದಾಗ ಮಾತ್ರ ಫೋನು ಹೋಗುತ್ತದೆ

ಕಂಪ್ಯೂಟರಿನ ಯುಪಿಎಸ್‌ಗೇ ಮೊಡೆಮ್ ಸಿಕ್ಕಿಸಿ "ಬ್ಯಾಕಪ್ ಇದೆ" ಎಂದು ನೆಮ್ಮದಿಯಾಗಿರುವವರೇ ಹೆಚ್ಚು. ಲೆಕ್ಕ ಹಾಕಿ ನೋಡಿ. ಸಣ್ಣ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ. ಗುಣಿಸಿದರೆ 84 ವಾಟ್-ಅವರ್, ಕೈಗೆ ಸಿಗುವುದು ಐವತ್ತರ ಹತ್ತಿರ. ಮೊಡೆಮ್ ಒಂದೇ ಆದರೆ ಸುಮಾರು 10 ವಾಟ್, ಐದು ಗಂಟೆ ಬಂದೀತು. ಕಾರ್ಡ್‌ಲೆಸ್ ಫೋನಿನ ಬೇಸು, ನೆಟ್‌ವರ್ಕ್ ಸ್ವಿಚ್ಚು ಸೇರಿ 20 ವಾಟ್ ಆದರೆ ಎರಡೂವರೆ ಗಂಟೆ. ಜೊತೆಗೆ ಕಂಪ್ಯೂಟರೂ ಪ್ರಿಂಟರೂ ಇದ್ದರೆ ಚಾ ಕುಡಿದು ಬರುವಷ್ಟರಲ್ಲಿ ಖಾಲಿ. ಜೂನ್ ತಿಂಗಳ ಗಾಳಿಮಳೆಗೆ ಒಳನಾಡಿನಲ್ಲಿ ಕರೆಂಟು ಹೋದರೆ ಎರಡು ಗಂಟೆಯಲ್ಲಿ ಬರುವುದೆಂದು ಯಾರೂ ಬರೆದುಕೊಟ್ಟಿಲ್ಲ.

ಪರೀಕ್ಷೆ ಬಹಳ ಸುಲಭ, ಆದರೆ ಯಾರೂ ಮಾಡುವುದಿಲ್ಲ. ಹಗಲು ಹೊತ್ತು, ಡ್ಯೂಟಿ ಮೊಬೈಲು ಕೈಯಲ್ಲಿ ಇಟ್ಟುಕೊಂಡು, ಮೇನ್ ಸ್ವಿಚ್ ಆರಿಸಿ ಗಡಿಯಾರ ನೋಡಿ. ಎಲ್ಲ ಒಟ್ಟಿಗೆ ಆರಿದರೆ ಬ್ಯಾಟರಿ ಸೋತಿದೆ. ಮೊಡೆಮ್ ಉರಿಯುತ್ತಿದ್ದೂ ಫೋನಿನ ಪರದೆ ಕತ್ತಲಾದರೆ ಫೋನಿನ ಅಡಾಪ್ಟರು ಬ್ಯಾಟರಿ ಇಲ್ಲದ ಪ್ಲಗ್ಗಿನಲ್ಲಿದೆ. ಇದು ನಾನು ಕಂಡ ಅತಿ ಸಾಮಾನ್ಯ ತಪ್ಪು, ರಿಪೇರಿ ಅಂದರೆ ಪ್ಲಗ್ ಬದಲಿಸುವುದು ಮಾತ್ರ. ಮೂರನೆಯದ್ದು ಮೇನ್ ಆರಿಸಿ ಕಾಣುವಂಥದ್ದಲ್ಲ, ಊರಿಗೇ ಕರೆಂಟು ಹೋದ ದಿನ ಗಮನಿಸಬೇಕು: ನಮ್ಮದೆಲ್ಲ ಉರಿಯುತ್ತಿದ್ದು, ಸ್ವಲ್ಪ ಹೊತ್ತಿಗೆ ಎಲ್‌ಒಎಸ್ ಕೆಂಪಾದರೆ ಆಚೆ ತುದಿಯ ಕಂಪೆನಿ ಪೆಟ್ಟಿಗೆಯಲ್ಲಿ ಬ್ಯಾಟರಿ ಸತ್ತಿದೆ. ನೀವು ಎಷ್ಟು ದೊಡ್ಡ ಇನ್ವರ್ಟರ್ ತಂದರೂ ಪ್ರಯೋಜನ ಇಲ್ಲ. ಇಂಥ ಜಾಗಕ್ಕೆ ಎರಡನೆಯ ದಾರಿ ಬೇಕು: ಸಿಮ್ ಹಾಕುವ ಟೇಬಲ್ ಫೋನು ಒಂದು, ಬೇರೆ ಕಂಪೆನಿಯದ್ದು.

ಬ್ಯಾಟರಿಯ ಹೊಟ್ಟೆ ಉಬ್ಬಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಚಾರ್ಜು ನಿಲ್ಲಿಸಿ ಕಿಟಕಿ ತೆರೆಯಿರಿ. ಅದನ್ನು ಬಿಚ್ಚುವುದು, ನೀರು ಹಾಕುವುದು ಬೇಡ. ಕೊಟ್ಟು ಹೊಸದು ತನ್ನಿ.

ಯಾವಾಗ ಮಾಡಿದರೂ ಎಂಗೇಜ್

ಜಗಲಿಯ ಫೋನಿನ ರಿಸೀವರ್ ಓರೆಯಾಗಿ ಕೂತಿದೆಯೇ ನೋಡಿ. ಅದಲ್ಲದಿದ್ದರೆ, ಹಳೆಯ ಇಂಟರ್‌ಕಾಮ್ ಪೆಟ್ಟಿಗೆಯನ್ನು (ಇಪಿಎಬಿಎಕ್ಸ್) ಹೊಸ ಲೈನಿಗೆ ಜೋಡಿಸಿದ್ದೀರಾ? ಕರೆ ಮಾಡಿದವರು ಇಟ್ಟ ಮೇಲೂ ಪೆಟ್ಟಿಗೆಗೆ ಅದು ತಿಳಿಯದೆ ಲೈನನ್ನು ಹಿಡಿದುಕೊಂಡೇ ಇರುತ್ತದೆ. ನಮ್ಮ ದೇಶದ ಎಂಗೇಜ್ ಟೋನ್ 400 ಹರ್ಟ್ಸ್, ಮುಕ್ಕಾಲು ಸೆಕೆಂಡು ಸದ್ದು, ಮುಕ್ಕಾಲು ಸೆಕೆಂಡು ಮೌನ. ಪೆಟ್ಟಿಗೆಯ ಸೆಟ್ಟಿಂಗ್ ಬೇರೆ ದೇಶದ್ದಾಗಿದ್ದರೆ ಅದು ಈ ಸದ್ದನ್ನು ಗುರುತಿಸುವುದಿಲ್ಲ. ಇಂಟರ್‌ಕಾಮ್ ಹಾಕಿಕೊಟ್ಟವರಿಗೆ "ಬ್ಯುಸಿ ಟೋನ್ ಡಿಟೆಕ್ಷನ್ ಇಂಡಿಯಾಕ್ಕೆ ಹಾಕಿ" ಎಂದರೆ ಅರ್ಥವಾಗುತ್ತದೆ. ಅಲ್ಲಿಯವರೆಗೆ ಲೈನನ್ನು ಪೆಟ್ಟಿಗೆಯಿಂದ ಬಿಡಿಸಿ ಒಂದೇ ಫೋನಿಗೆ ಕೊಡಿ. ತುರ್ತು ಸೇವೆಗೆ ಇಂಟರ್‌ಕಾಮ್ ಬೇಕೇ ಬೇಕೆಂದು ನನಗೆ ಅನ್ನಿಸಿಲ್ಲ.

ಅವರ ಮಾತು ನಮಗೆ ಕೇಳುತ್ತದೆ, ನಮ್ಮದು ಅವರಿಗಿಲ್ಲ

ಎಲ್ಲ ಕರೆಯಲ್ಲೂ ಹಾಗಾದರೆ ರಿಸೀವರ್ ಬದಲಿಸಿ ನೋಡಿ. ರಿಸೀವರ್ ಸರಿ ಇದ್ದೂ ಹಾಗಾದರೆ, ಅದರಲ್ಲೂ ಐಪಿ ಫೋನಿನಲ್ಲಿ, ರೂಟರಿನ ಎಸ್‌ಐಪಿ ಎಎಲ್‌ಜಿ ಎಂಬ ಸೆಟ್ಟಿಂಗ್ ಮೇಲೆ ನನಗೆ ಅನುಮಾನ. ಸಹಾಯಕ್ಕೆಂದು ಇರುವ ಅದು ಮಾತಿನ ದಾರಿಯನ್ನು ಕೆಡಿಸಿ ಇಡುತ್ತದೆ. ಅದನ್ನು ಆಫ್ ಮಾಡಿ ನೋಡಿ. ಮಾತು ಕಡಿದು ಕಡಿದು ಬಂದರೆ ಸಿಸಿಟಿವಿ ಕ್ಯಾಮರಾದ ವಯರನ್ನು ಐದು ನಿಮಿಷ ಕಳಚಿ ಮಾತಾಡಿ. ಒಂದು ಕರೆಗೆ ಬೇಕಾಗುವುದು ನೂರು ಕೆಬಿಪಿಎಸ್‌ಗಿಂತ ಕಡಿಮೆ, ಆದರೆ ಕ್ಯಾಮರಾ ಮೇಲಕ್ಕೆ ಕಳಿಸುವ ದಾರಿಯನ್ನೆಲ್ಲ ತಿಂದರೆ ಅಷ್ಟೂ ಸಿಗುವುದಿಲ್ಲ.

ಕರೆ ಬರುತ್ತದೆ, ಎತ್ತುವಷ್ಟರಲ್ಲಿ ಕಟ್

ಬಂದ ಕರೆಗಳ ಪಟ್ಟಿಯಲ್ಲಿ ಹತ್ತು ಸೆಕೆಂಡಿನೊಳಗೆ ಮುಗಿದ ಕರೆಗಳು ಸಾಲಾಗಿ ಕಂಡರೆ ಯಂತ್ರವನ್ನು ಬಿಚ್ಚಬೇಡಿ, ಅದು ಏನು ಮಾತಾಡುತ್ತದೆ ಎಂದು ನೀವೇ ಕರೆದು ಕೇಳಿ. ಹೊಸ ವ್ಯವಸ್ಥೆಯೊಂದಿಗೆ "ಮಲಯಾಳಕ್ಕೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ" ಎನ್ನುವ ಧ್ವನಿ ಬಂದಿರುತ್ತದೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಲ್ಲ ಇರುವ ಊರು ನಮ್ಮದು. ಎನ್ಮಕಜೆಯ ಒಂದು ಗುಡ್ಡದ ಮೇಲೆ ಒಬ್ಬಂಟಿಯಾಗಿರುವ ಅಜ್ಜಿ ಆ ಧ್ವನಿ ಕೇಳಿದರೆ ರಾಂಗ್ ನಂಬರೆಂದು ಇಟ್ಟುಬಿಡುತ್ತಾರೆ. ಅದಕ್ಕೆ ಕನ್ನಡ ಸೇರಿಸಿ ಮೂರು ಮಾಡಿದರೆ ಕಾಯುವುದು ಇನ್ನೂ ಉದ್ದವಾಯಿತು ಅಷ್ಟೇ. ತುರ್ತು ಲೈನಿನಿಂದ ಆ ಧ್ವನಿಯನ್ನೇ ತೆಗೆಸಿ. ಕರೆ ಬಂದರೆ ಮನುಷ್ಯರೇ "ಹಲೋ" ಅನ್ನಲಿ.

ಕರೆ ಮಾಡಿದ್ದು ಇಲ್ಲಿಂದ, ಎತ್ತಿದ್ದು ಬೆಂಗಳೂರು

ಇದು ದೋಷವೇ ಅಲ್ಲ, ಆದರೂ ದೂರು ಬರುತ್ತಲೇ ಇರುತ್ತದೆ. ತಲಪಾಡಿ, ವರ್ಕಾಡಿ, ಪೈವಳಿಕೆ, ಪೆರ್ಲದ ಅಂಚಿನಲ್ಲಿ ಮೊಬೈಲು ಗಡಿಯಾಚೆಯ ಟವರನ್ನು ಹಿಡಿಯುತ್ತದೆ. 112 ಒತ್ತಿದರೆ ಕರೆ ಹೋಗುವುದು ಟವರ್ ಯಾವ ರಾಜ್ಯದ್ದೋ ಆ ರಾಜ್ಯದ ಕೇಂದ್ರಕ್ಕೆ. ಕೆಲವೊಮ್ಮೆ ಅಂಗಳದಲ್ಲಿ ನಿಂತರೆ ಕರ್ನಾಟಕ, ಅಡಿಗೆಮನೆಯಲ್ಲಿ ನಿಂತರೆ ಕೇರಳ. ಕೇರಳದ ಕೇಂದ್ರ ಸಿಕ್ಕಿದರೂ ಅದು ತಿರುವನಂತಪುರದಲ್ಲಿ, ಅವರಿಗೆ ನಮ್ಮ ಬೈಲು, ಗುತ್ತು, ಮೂಲೆಗಳ ಹೆಸರು ಗೊತ್ತಿರುವುದಿಲ್ಲ.

ಜನರಿಗೆ ಹೇಳಿಕೊಡಬೇಕಾದ್ದು ಎರಡೇ. ಕರೆ ಎತ್ತಿದ ಕೂಡಲೇ ಮೊದಲ ಮಾತು "ಕೇರಳ, ಕಾಸರಗೋಡು ಜಿಲ್ಲೆ", ಆಮೇಲೆ ಪಂಚಾಯತು, ಆಮೇಲೆ ಶಾಲೆಯೋ ದೇವಸ್ಥಾನವೋ ಮಸೀದಿಯೋ. ಬೇರೆ ರಾಜ್ಯದವರು ಎತ್ತಿದರೂ ಸಿಟ್ಟು ಮಾಡಿ ಇಡಬೇಡಿ, ಮಾತಾಡಿ. ಎರಡನೆಯದ್ದು, ಸ್ಥಳೀಯ ಆಂಬುಲೆನ್ಸ್ ಮತ್ತು ಅಗ್ನಿಶಾಮಕ ಠಾಣೆಯ ಪೂರ್ಣ ನಂಬರನ್ನು ಎಸ್‌ಟಿಡಿ ಕೋಡಿನೊಂದಿಗೆ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಕಾಸರಗೋಡು 04994, ಮಂಜೇಶ್ವರ-ಉಪ್ಪಳ ಕಡೆ 04998. ಕೋಡಿನೊಂದಿಗೆ ಉಳಿಸಿದ ನಂಬರ್ ಯಾವ ಟವರಿನಿಂದ ಒತ್ತಿದರೂ ಅದೇ ಮೇಜಿಗೆ ಬರುತ್ತದೆ. ಹೊಸ ವ್ಯವಸ್ಥೆಗೆ ಹೋಗುವಾಗ ಹಳೆಯ ನಂಬರನ್ನೇ ಉಳಿಸಿಕೊಳ್ಳಿ ಎಂದು ನಾನು ಹಟ ಹಿಡಿದದ್ದು ಇದಕ್ಕೇ. ಅದು ಎಷ್ಟೋ ಮನೆಗಳ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಲ್ಲಿ ಬರೆದದ್ದು.

ಇಲ್ಲಿಂದ ಮೊಬೈಲಿಗೆ ಹೋಗುವುದಿಲ್ಲ

ಹತ್ತಂಕಿಯ ಮುಂದೆ ಸೊನ್ನೆ ಹಾಕಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆಯಲು ಸೊನ್ನೆ ಕಡ್ಡಾಯ. ಹಳೆಯ ಫೋನಿನ ಮೆಮೊರಿ ಗುಂಡಿಯಲ್ಲಿ ಡ್ರೈವರುಗಳ ನಂಬರ್ ಸೊನ್ನೆ ಇಲ್ಲದೆ ಕೂತಿರುತ್ತದೆ, ಹೊಸತಕ್ಕೂ ಹಾಗೇ ನಕಲಾಗಿರುತ್ತದೆ.

ಸಿಡಿಲು ಬಂದು ಹೋದ ಮೇಲೆ

ಪತ್ತನಾಜೆಯ (ಮೇ ಕೊನೆಯ) ಹಿಂದುಮುಂದಿನ ಸಿಡಿಲು, ಮತ್ತೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಯ ಸಿಡಿಲು, ಇವೆರಡು ಕಾಲ ನನ್ನ ಅಂಗಡಿಗೆ ಕೆಲಸ ಜಾಸ್ತಿ. ಫೈಬರಿನಲ್ಲಿ ಸಿಡಿಲು ಬರುವುದಿಲ್ಲ ಎನ್ನುವುದು ಅರ್ಧ ನಿಜ. ಗಾಜಿನಲ್ಲಿ ಬರುವುದಿಲ್ಲ, ಅದರ ಜೊತೆಗಿರುವ ಉಕ್ಕಿನ ತಂತಿಯಲ್ಲೂ ಅಡಾಪ್ಟರಿನ ಪ್ಲಗ್ಗಿನಲ್ಲೂ ಬರುತ್ತದೆ. ಮೊಡೆಮ್‌ನಲ್ಲಿ ಒಂದು ದೀಪವೂ ಇಲ್ಲದಿದ್ದರೆ ಅಡಾಪ್ಟರ್ ಮಾತ್ರ ಸತ್ತಿರಬಹುದು. ಅದೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ ಇನ್ನೊಂದನ್ನು ಹಾಕಿ ನೋಡಿ. ಸುಟ್ಟ ವಾಸನೆ ಇದ್ದರೆ ಹಚ್ಚುವುದೇ ಬೇಡ.

ನಮ್ಮ ಮುರಕಲ್ಲಿನ ನೆಲದಲ್ಲಿ ಅರ್ಥಿಂಗ್ ಬೇಸಗೆಗೆ ಒಣಗಿ ಕೂರುತ್ತದೆ, ಮೊದಲ ಸಿಡಿಲು ಬರುವುದೂ ಆಗಲೇ. ಏಪ್ರಿಲ್ ತಿಂಗಳಲ್ಲಿ ಎಲೆಕ್ಟ್ರಿಶಿಯನ್ನನ್ನು ಕರೆಸಿ ಅಳೆಸಿ, 5 ಓಮಿನೊಳಗೆ ಇದ್ದರೆ ಒಳ್ಳೆಯದು. ಸಿಡಿಲು ಹೊಡೆಯುತ್ತಿರುವಾಗ ವಯರಿನ ಫೋನಿನಲ್ಲಿ ಉದ್ದ ಮಾತು ಬೇಡ, ಮೊಡೆಮ್ ಬಿಚ್ಚುವುದಂತೂ ಬೇಡವೇ ಬೇಡ. ಸಿಡಿಲಿನ ನಂತರ ಫೋನಿನ ಲೋಹದ ಭಾಗವನ್ನೋ ಗೋಡೆಯ ಪೆಟ್ಟಿಗೆಯನ್ನೋ ಮುಟ್ಟಿದಾಗ ಜುಮ್ಮೆಂದರೆ ಮೇನ್ ಆರಿಸಿ ಹೊರಗೆ ಬನ್ನಿ. ಅದು ನನ್ನ ಕೆಲಸವೂ ಅಲ್ಲ, ಲೈಸೆನ್ಸ್ ಇದ್ದ ಎಲೆಕ್ಟ್ರಿಶಿಯನ್‌ದು.

ದೂರು ಕೊಡುವಾಗ

"ಫೋನು ಹಾಳಾಗಿದೆ" ಎಂದರೆ ಅವರು ಆರಿಸಿ ಹಚ್ಚಿ ಎನ್ನುತ್ತಾರೆ, ಅಲ್ಲಿಗೆ ಒಂದು ದಿನ ಹೋಯಿತು. ಯಾವ ದೀಪ ಯಾವ ಬಣ್ಣ, ಎಷ್ಟು ಗಂಟೆಯಿಂದ, ಆಗ ಕರೆಂಟು ಇತ್ತೇ, ಪಕ್ಕದ ಮನೆಯ ಇಂಟರ್‌ನೆಟ್ ಇದೆಯೇ, ಇಷ್ಟನ್ನು ಒಂದೇ ಉಸಿರಿಗೆ ಹೇಳಿ, ಕೊನೆಗೆ "ಇದು ಆಂಬುಲೆನ್ಸಿನ ನಂಬರು" ಎನ್ನಿ. ದೂರಿನ ನಂಬರ್ ಬರೆದುಕೊಳ್ಳಿ.

ನಮ್ಮಲ್ಲಿ ಈಗ ಫೋನಿನ ಪಕ್ಕ ನೂರು ಪುಟದ ಒಂದು ನೋಟುಬುಕ್ಕು ನೂಲಿನಲ್ಲಿ ಕಟ್ಟಿ ನೇತುಹಾಕಿದೆ. ಡ್ಯೂಟಿಗೆ ಬಂದವರು ಬೆಳಗ್ಗೆ ಎಂಟಕ್ಕೂ ರಾತ್ರಿ ಎಂಟಕ್ಕೂ ತಮ್ಮ ಮೊಬೈಲಿನಿಂದ ಆಫೀಸಿನ ನಂಬರಿಗೆ ಕರೆದು, ರಿಂಗ್ ಕೇಳಿ, ರಿಸೀವರ್ ಎತ್ತಿ ಎರಡು ಮಾತಾಡಿ, ಸಹಿ ಹಾಕಬೇಕು. ಮೊದಲ ವಾರ ಎಲ್ಲರೂ ನಕ್ಕರು. ಆಟಿಯ ಆ ಸಂಜೆ ಪೇಪರ್ ಓದುತ್ತಿದ್ದ ಡ್ರೈವರನ ಸಹಿ ಮಾತ್ರ ಒಂದು ದಿನವೂ ತಪ್ಪಿಲ್ಲ.